ಅಳ್ಳಾಡ್ಬ್ಯಾಡಿ

ಮಾದಣ್ಣ ತೆಗೆದ ವಿಡಿಯೋಗಳಲ್ಲಿ ಯಾರೂ ಅಲ್ಲಾಡುತ್ತಿರಲಿಲ್ಲ. ಧಾರೆ ಎರೆಯುವವರು ಗಿಂಡಿ ಹಿಡಿದು ಹಾಗೇ ನಿಂತಿರುತ್ತಿದ್ದರು. ಊಟಕ್ಕೆ ಕೂತವರು ತುತ್ತನ್ನು ಬಾಯಿಯ ಹತ್ತಿರ ತಂದು ಕಾಯುತ್ತಿದ್ದರು. ಚಲಿಸುತ್ತಿದ್ದದ್ದು ಹೊಗೆ, ಚಪ್ಪರದ ಬಾಳೆ ಎಲೆ ಮತ್ತು ದಾರಿ ತಪ್ಪಿ ಬಂದ ಒಂದು ಕರು ಮಾತ್ರ.

ಅವನು ಮೊದಲು ಫೋಟೋ ತೆಗೆಯುತ್ತಿದ್ದವನು. ಕೊಯಮತ್ತೂರಿನಿಂದ ಹಳೆಯ ವಿಡಿಯೋ ಕ್ಯಾಮೆರಾ ತಂದು ಹೆಗಲ ಮೇಲೆ ಕೂರಿಸಿಕೊಂಡ ಮೇಲೂ ಹಳೆಯ ಮಾತು ನಾಲಿಗೆಯಿಂದ ಇಳಿಯಲಿಲ್ಲ. ನಮ್ಮವರ ಮದುವೆಯಲ್ಲಿ "ಅಳ್ಳಾಡ್ಬ್ಯಾಡಿ!" ತಮಿಳರ ಮದುವೆಯಲ್ಲಿ "ಅಸೆಯಾದೀಂಗ!" ಕೊನೆಗೆ ಕ್ಯಾಮೆರಾ ಇಳಿಸಿ, "ಆಯ್ತು ಬುಡಿ" ಎನ್ನುತ್ತಿದ್ದ. ಅಲ್ಲಿಯತನಕ ಇಡೀ ಚಪ್ಪರ ಉಸಿರು ಬಿಗಿಹಿಡಿದಿರುತ್ತಿತ್ತು. ಅವನಿಗೂ ನಮಗೂ ಅದೇ ವಿಡಿಯೋ.

"ವಿಡಿಯೋ ಅಂದ್ರೆ ಓಡಾಡ್ಬೇಕಂತೆ ಕಣ್ಲಾ" ಎಂದು ಒಮ್ಮೆ ನನ್ನ ತಾತ ಕೆಣಕಿದ್ದರು.

"ಓಡಾಡೋದ ನೋಡಾಕೆ ಬೀದಿ ಅದೆಯಲ್ಲ ಮಾವ. ಕಾಸು ಕೊಟ್ಟು ಯಾಕ್ ನೋಡ್ಬೇಕು?"

ತಾತನಿಗೆ ಅವನ ಕ್ಯಾಮೆರಾ ಎಂದರೆ ಭಾರಿ ಗೌರವ. ರುಮಾಲು ಸುತ್ತದೆ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಆ ರುಮಾಲು ಯಾವಾಗಲೂ ಎಡಕ್ಕೆ ವಾಲುತ್ತಿತ್ತು, ಅಜ್ಜಿ ಯಾವಾಗಲೂ ಬೈಯುತ್ತಿದ್ದಳು.

ತೊಂಬತ್ತರ ದಶಕದ ಒಂದು ಕಾರ್ತೀಕದಲ್ಲಿ ನಮ್ಮೂರ ಕೆರೆ ಏರಿ ಒಡೆಯಿತು. ಗಡಿಯ ನಮ್ಮ ತಾಳವಾಡಿ ಸೀಮೆಯಲ್ಲಿ ಈಗಲೂ ಮಕ್ಕಳ ವಯಸ್ಸನ್ನು "ಕೆರೆ ಒಡೆದ ವರ್ಷ" ಎಂದು ಲೆಕ್ಕ ಹಾಕುತ್ತಾರೆ. ಮಳೆ ಬಿಟ್ಟಿದ್ದ ಒಂದು ಮಧ್ಯಾಹ್ನ. ನಮ್ಮ ಬೀದಿಯಲ್ಲಿ ಒಂದು ನಿಶ್ಚಿತಾರ್ಥವಿತ್ತು, ಮಾದಣ್ಣ ಕ್ಯಾಮೆರಾ ಹೊತ್ತು ಬಂದಿದ್ದ. ನೀರು ಬಂದಾಗ ಅವನು ನಮ್ಮ ಮನೆಯೆದುರಿನ ಕಲ್ಲುಮಂಟಪ ಹತ್ತಿದ. ನಿಲ್ಲಿಸಬೇಕೆಂದು ಅವನಿಗೆ ತೋಚಲಿಲ್ಲ, ಕ್ಯಾಮೆರಾ ಓಡುತ್ತಲೇ ಇತ್ತು. ಹಾಗೆ ನಮ್ಮ ಸೀಮೆಯ ದೊಡ್ಡ ದುರಂತ ಒಂದು ಕ್ಯಾಸೆಟ್ಟಿಗೆ ಬಂದು ಕೂತಿತು. ಅಂದು ನಮ್ಮ ತಾತ ಹೋದರು.

ಅಜ್ಜಿ ಆಗ ದೊಡ್ಡಗಾಜನೂರಿನಲ್ಲಿ ಮಗಳ ಮನೆಯಲ್ಲಿದ್ದಳು. ತಾತ ಸಿಕ್ಕಿದ್ದು ಊರ ಕೆಳಗಿನ ಹೊಲದಲ್ಲಿ, ಬರಿದಲೆಯಲ್ಲಿ. ಅಜ್ಜಿಗೆ ಸಾವಿಗಿಂತ ಅದೇ ದೊಡ್ಡದಾಯಿತು. "ಬರಿದಲೇಲಿ ಓದ್ರಲ್ಲ, ಆಳಿಲ್ಲದ ಮನೆಯೋರಂಗೆ" ಎಂದು ಬಂದವರೆದುರೆಲ್ಲ ಅದನ್ನೇ ಹೇಳಿ ಅಳುತ್ತಿದ್ದಳು.

ಸೂತಕ ಕಳೆದ ಮೇಲೆ ಶಾಲೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಜನರೇಟರ್ ಹಾಕಿ ಮಾದಣ್ಣ ಆ ಕ್ಯಾಸೆಟ್ಟು ತೋರಿಸಿದ. ಎಲ್ಲರೂ ಅಳಲು ಸೆರಗು, ಟವೆಲ್ಲು ಸಿದ್ಧಮಾಡಿಕೊಂಡು ಬಂದಿದ್ದರು. ಮೊದಲು ಕಂಡದ್ದು ಅವನ ಕಾಲು. ತುಂಬ ಹೊತ್ತು ಅವನ ಕಾಲೇ ಓಡಿತು. ಆಮೇಲೆ ನೀರು. ಮಾದಣ್ಣನ ವಿಡಿಯೋದಲ್ಲಿ ಮೊದಲ ಸಲ ಎಲ್ಲವೂ ಅಲ್ಲಾಡುತ್ತಿತ್ತು. ಹಿಂದಿನಿಂದ ಅವನ ಸ್ವರ, ನೀರಿಗೇ ಹೇಳುತ್ತಿತ್ತು: "ಅಳ್ಳಾಡ್ಬ್ಯಾಡಿ! ಅಯ್ಯೋ, ಅಳ್ಳಾಡ್ಬ್ಯಾಡಿ!"

ಯಾರೋ ಕಿಸಕ್ಕೆಂದರು. ಆಮೇಲೆ ನಿಶ್ಚಿತಾರ್ಥದ ಗಂಡು ಬಂದ. ಹುಡುಗಿಯನ್ನು ಅಲ್ಲೇ ಬಿಟ್ಟು, ತಾಂಬೂಲದ ತಟ್ಟೆಯನ್ನು ತಲೆಯ ಮೇಲೆ ಹೊತ್ತು, ಎದೆಮಟ್ಟದ ನೀರಿನಲ್ಲಿ ಬರುತ್ತಿದ್ದ. ಒಂದು ಅಡಿಕೆಯೂ ಬಿದ್ದಿರಲಿಲ್ಲ.

"ತಟ್ಟೇನೇ ಮದ್ವೆ ಆಗ್ಲಾ!" ಎಂದು ಕತ್ತಲಲ್ಲಿ ಹುಡುಗಿಯೇ ಕೂಗಿದಳು. ಕೋಣೆ ಸಿಡಿಯಿತು. ಹುಲ್ಲುಮೆದೆಯ ಮೇಲೆ ತೇಲುತ್ತ ಬಂದ ನಮ್ಮ ಬೀದಿಯ ರಾಚಮ್ಮ ಕ್ಯಾಮೆರಾ ಕಂಡೊಡನೆ ಸೆರಗು ಸರಿಮಾಡಿಕೊಂಡು ಅಲುಗದೆ ಕೂತು, ಹಾಗೇ ತೇಲಿಹೋದಳು. ಮುಂದಿನ ಸಾಲಲ್ಲಿದ್ದ ಅದೇ ರಾಚಮ್ಮ, "ಚೆಂದಾಗ್ ಬಂದಿವ್ನಿ ಅಲ್ವಾ?" ಎಂದು ಎಲ್ಲರನ್ನೂ ಕೇಳಿದಳು. ಸತ್ತವರ ಮನೆಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕೆಲವರು ಅಳುವುದಕ್ಕೆ ದಾಟಿದರು. ನಾನೂ.

ಅಷ್ಟರಲ್ಲಿ ಮಾದಣ್ಣ ಗುಂಡಿ ಒತ್ತಿ, "ಟೇಪು ಇಲ್ಲಿಗೆ ಮುಗೀತು" ಎಂದ.

ಜೀರಹಳ್ಳಿಯಿಂದ ನೆಂಟರು ಬಂದರೂ, ಯಾರೇ ಕೇಳಿದರೂ, ಅವನು ತೋರಿಸಿದ. ರಾಚಮ್ಮ ತೇಲಿಹೋದ ಮೇಲೆ ಪ್ರತಿ ಸಲವೂ ಟೇಪು ಮುಗಿಯುತ್ತಿತ್ತು. ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಮದುವೆಗಳಿಗೆ ಕರೆದರೂ ಹೋಗಲಿಲ್ಲ. ಅಜ್ಜಿ ಇದನ್ನೆಲ್ಲ ಗಮನಿಸಿದಳು. ಒಂದು ದಿನ ನನ್ನನ್ನು ಕರೆದುಕೊಂಡು ತಾಳವಾಡಿಯ ಅವನ ಅಂಗಡಿಗೆ ಹೋಗಿ ಬಾಗಿಲಿಗಡ್ಡವಾಗಿ ಕೂತಳು.

"ಮುಂದಿಂದು ಆಕ್ಲಾ ಮಾದ."

"ಮುಂದೆ ಏನಿಲ್ಲ ಅತ್ತೆ."

"ಏನಿಲ್ದಿದ್ರೆ ಆ ಏನಿಲ್ದೇ ಇರೋದ್ನೇ ಆಕು. ನೋಡ್ಕಂಡ್ ಓಯ್ತೀನಿ."

ಅವನು ಹಾಕಿದ.

ನಮ್ಮ ಜಗುಲಿ ಕಂಡಿತು. ಅದರ ಮೇಲೆ ತಾತ, ನಿದ್ದೆಯಿಂದೆದ್ದು ಬಂದ ಹಾಗೆ, ಬರಿದಲೆಯಲ್ಲಿ. "ಬಾ ಮಾವ, ಇತ್ತಗ್ ಬಾ!" ಎಂದು ಮಾದಣ್ಣ ಕೂಗುತ್ತಿದ್ದ. ತಾತ ಕ್ಯಾಮೆರಾ ನೋಡಿದರು. ತಲೆ ಮುಟ್ಟಿಕೊಂಡರು. 'ತಡಿ' ಎಂದು ಕೈಮಾಡಿ ಒಳಗೆ ಹೋದರು. ಹೊರಗೆ ಬಂದಾಗ ರುಮಾಲು ಸುತ್ತಿ ಮುಗಿದಿತ್ತು. ಮೊಣಕಾಲಿನ ತನಕ ನೀರು. ಜಗುಲಿಯ ಮೇಲೆ ನೆಟ್ಟಗೆ, ಕೈ ಎರಡೂ ಕೆಳಗೆ ಬಿಟ್ಟು ನಿಂತರು. ಆಗ ಮಾದಣ್ಣನ ಬಾಯಿಂದ ಆ ಮಾತು ಬಂತು.

"ಅಳ್ಳಾಡ್ಬ್ಯಾಡಿ!"

ತಾತ ಅಲ್ಲಾಡಲಿಲ್ಲ. ಹಿಂದಿನ ಗೋಡೆ ಅಲ್ಲಾಡಿತು. ಆಮೇಲೆ ಆಕಾಶ, ಕಲ್ಲು, ಆಕಾಶ.

ಮಾದಣ್ಣ ಅಂಗಡಿಯ ನೆಲದ ಮೇಲೆ ಕುಸಿದು ಕೂತಿದ್ದ. "ಓಡು ಅನ್ಬೇಕಿತ್ತು ಅತ್ತೆ. ಬಾಯಿಗೆ ಅದೇ ಬಂತು. ನಾನೇ ನಿಲ್ಲಿಸ್ಬುಟ್ಟೆ."

ಅಜ್ಜಿಗೆ ಅದು ಕೇಳಿಸಿತೋ ಇಲ್ಲವೋ. "ಇನ್ನೊಂದ್ ಕಿತ ಆಕು" ಎಂದಳು. ತಾತ ಮತ್ತೆ ರುಮಾಲು ಸುತ್ತಿ ಹೊರಗೆ ಬಂದರು. ಮಾದಣ್ಣ ಕೂತಲ್ಲಿಂದಲೇ ಗುಂಡಿ ಒತ್ತಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ. ಅಜ್ಜಿ ಟಿವಿಯ ಹತ್ತಿರ ಸರಿದು ಕಣ್ಣು ಕಿರಿದುಮಾಡಿದಳು.

"ರುಮಾಲು ಸುತ್ಕಂಡೇ ಓದ್ರಾ?" ಮುಖ ಬೆಳಗಿಹೋಯಿತು. "ನೋಡ್ಲಾ, ಸಾಯಾಗಲೂ ಎಡಕ್ಕೇ ವಾಲದೆ!"

ಅವಳು ನಕ್ಕ ನಗು ನಾನು ಮತ್ತೆಂದೂ ಕೇಳಿಲ್ಲ. ಬೀದಿಯವರು ಇಣುಕಿ ನೋಡಿದರು. ಆಮೇಲೆ ಅವಳು ಮಾದಣ್ಣನ ತಲೆಗೊಂದು ಮೊಟಕಿದಳು.

"ಗೋಡೆಗೂ ಕೇಳೋ ಅಂಗೇ ಕಿರುಚ್ದೆಯಲ್ಲ ಅಳ್ಳಾಡ್ಬ್ಯಾಡಿ ಅಂತ. ಅದು ಕೇಳ್ತಾ? ಏಳ್ಲಾ ಮ್ಯಾಕೆ. ಆ ಮನ್ಸ ಇನ್ನೂ ಕಾಯ್ತಾ ನಿಂತವ್ರೆ. ಯೇಳು ಅವರ್ಗೆ."

ತಾತನ ಚಿತ್ರ ಪರದೆಯಲ್ಲಿ ನಿಂತು ನಡುಗುತ್ತಿತ್ತು. ಮಾದಣ್ಣ ಎದ್ದು, ಅದರ ಮುಂದೆ ಕೈಮುಗಿದು, ಸ್ವರವೇ ಇಲ್ಲದೆ ಹೇಳಿದ: "ಆಯ್ತು ಬುಡಿ, ಮಾವ."

ಮುಂದಿನ ಲಗ್ನದ ತಿಂಗಳಲ್ಲಿ ಅವನು ಮತ್ತೆ ಕ್ಯಾಮೆರಾ ಹೊತ್ತ. ತಟ್ಟೆ ಹೊತ್ತ ಹುಡುಗನಿಗೂ ಅದೇ ಹುಡುಗಿಗೂ ಮದುವೆಯಾಯಿತು. ಧಾರೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಮಾದಣ್ಣ ತಪ್ಪದೆ ನಮ್ಮ ಮನೆಗೆ ಬಂದು ಅಜ್ಜಿಯ ಕೈಯ ರಾಗಿಮುದ್ದೆ ಉಂಡು, ಬೈಸಿಕೊಂಡು ಹೋಗುತ್ತಿದ್ದ.

ಆ ದಶಕ ಮುಗಿಯುವ ಮೊದಲೇ ಮಾದಣ್ಣ ಹೋದ. ಎದೆನೋವು ಎಂದನಂತೆ, ಅಷ್ಟೇ. ನಮ್ಮ ಕ್ರಮದಂತೆ ಅವನನ್ನು ಜಗುಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು. ಗೆಟ್ಟವಾಡಿಯಿಂದ ಹೊಸ ಹುಡುಗನೊಬ್ಬ ವಿಡಿಯೋ ತೆಗೆಯಲು ಬಂದಿದ್ದ. ಅವನು ಕ್ಯಾಮೆರಾ ಎತ್ತಿದ್ದೇ ತಡ, ಇಡೀ ಊರು ಮಾದಣ್ಣನ ಸುತ್ತ ಸಾಲಾಗಿ ನಿಂತು ಉಸಿರು ಬಿಗಿಹಿಡಿಯಿತು. ಅಳುತ್ತಿದ್ದವರ ಬಾಯಿ ಅರ್ಧಕ್ಕೇ ನಿಂತಿತ್ತು.

"ಅಳ್ಳಾಡಿ ಅಣ್ಣಾ, ವಿಡಿಯೋ ಇದು" ಎಂದು ಹುಡುಗ ಬೇಡಿಕೊಂಡ. ಯಾರೂ ಕೇಳಲಿಲ್ಲ. ಅವನು ಸುಸ್ತಾಗಿ ಕ್ಯಾಮೆರಾ ಇಳಿಸಿದ ಮೇಲೂ ಎಲ್ಲರೂ ಹಾಗೇ ನಿಂತಿದ್ದರು. ಹೇಳಬೇಕಾದವನು ಹೇಳಿರಲಿಲ್ಲ.

ಅಜ್ಜಿಯೊಬ್ಬಳು ಸಾಲು ಬಿಟ್ಟು ಮುಂದೆ ಹೋದಳು. ಮಾದಣ್ಣನ ಎದುರು ಬಗ್ಗಿ, ಎಡಕ್ಕೆ ವಾಲಿದ್ದ ಅವನ ರುಮಾಲನ್ನು ಎರಡೂ ಕೈಯಿಂದ ಹಿಡಿದಳು.

"ತಡಿಲಾ" ಎಂದಳು. "ಅಳ್ಳಾಡ್ಬ್ಯಾಡ."