ಕಿವಿಯಕ್ಕ ಮತ್ತು ಜೀರುಂಡೆಗಳು

ನಮ್ಮ ಫ್ಯಾನ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಜೋಡಿಸಿದ ಟೇಬಲ್ ಫ್ಯಾನನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ಕಿವಿಗೊಟ್ಟು ಕೂರುವುದು ಅವಳ ಕೆಲಸ. ಒಳಗಿನ ಬೇರಿಂಗ್ ಕೆಟ್ಟಿದ್ದರೆ ಗಾಳಿಯ ಸದ್ದಿನ ಅಡಿಯಲ್ಲಿ ಸಣ್ಣಗೆ, ಕೀರಲಾಗಿ ಒಂದು ದನಿ ಬರುತ್ತದೆ. ಅದು ಕೇಳಿಸಿದರೆ ಫ್ಯಾನು ನೆಲದ ಮೇಲಿನ ಕೆಂಪು ಗೆರೆಯ ಆಚೆಗೆ. ಇಲ್ಲದಿದ್ದರೆ ಪ್ಯಾಕಿಂಗಿಗೆ, ಅಂದರೆ ನನ್ನ ಕೈಗೆ. ಹೇಳುವುದಕ್ಕೆ ಸಲೀಸು. ಒಂದು ದಿನ ಕೂತು ನೋಡಿ, ತಲೆ ಚಿಟ್ಟು ಹಿಡಿಯುತ್ತದೆ. ಮದುವೆಯಾದ ಹೊಸದರಲ್ಲಿ ಆ ಕುರ್ಚಿಗೆ ಬಂದವಳಿಗೆ ಈಗ ಶಾಲೆಗೆ ಹೋಗುವ ಮೊಮ್ಮಗಳಿದ್ದಾಳೆ. ಸಂಜೆ ಬಸ್ಸಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ನಿನ್ನ ದಮ್ಮಯ್ಯ, ಇವತ್ತಿಗೆ ಕೇಳಿದ್ದು ಸಾಕು ಕಣೇ" ಎಂದು ಸೀಟಿಗೆ ತಲೆ ಒರಗಿಸಿಬಿಡುತ್ತಿದ್ದಳು.

ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಅವಳ ಮನೆ ನಡೆಯುತ್ತಿದ್ದದ್ದು ಆ ಕುರ್ಚಿಯಿಂದಲೇ. ಕಿವಿ ಮಂದವಾದವರನ್ನು ಕಾರ್ಖಾನೆ ಇಟ್ಟುಕೊಳ್ಳುವುದಿಲ್ಲ. ಅವಳಿಗಿಂತ ಮುಂಚೆ ಅಲ್ಲಿ ಕೂರುತ್ತಿದ್ದ ಮುದುಕನಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಮನೆಗೆ ಕಳಿಸಿದ್ದನ್ನು ಅವಳು ಕಣ್ಣಾರೆ ಕಂಡವಳು. ಹಾಗಾಗಿ ಬರೀ ನೆಗಡಿಯಾದರೂ ಅವಳ ಎದೆ ಡವಡವ ಎನ್ನುತ್ತಿತ್ತು.

ನಮ್ಮ ಶೆಡ್ಡಿನ ಕಿಟಕಿಗೆ ತಾಗಿಕೊಂಡೇ ದೊಡ್ಡ ಮರಗಳಿವೆ. ಬಿಸಿಲು ಬಲಿಯುವ ಕಾಲಕ್ಕೆ ಅಲ್ಲಿ ಜೀರುಂಡೆಗಳ ಕಾಟ ಶುರು. ವರ್ಷಗಟ್ಟಲೆ ಮಣ್ಣೊಳಗೆ ಬೇರಿನ ರಸ ಹೀರಿಕೊಂಡು ತೆಪ್ಪಗೆ ಬಿದ್ದಿದ್ದ ಮರಿಗಳು ಒಂದು ದಿನ ಮೇಲೆ ಬಂದು, ಕಾಂಡ ಹತ್ತಿ, ಬೆನ್ನು ಸೀಳಿ ಪೊರೆ ಕಳಚುತ್ತವೆ. ಆಮೇಲೆ ಉಳಿಯುವುದು ಕೆಲವೇ ವಾರಗಳ ಬದುಕು. ಅಷ್ಟರೊಳಗೆ ಜೋಡಿ ಸಿಗಬೇಕು, ಕೊಂಬೆಯ ಸಿಪ್ಪೆಯೊಳಗೆ ಮೊಟ್ಟೆ ಸೇರಬೇಕು. ಅವುಗಳ ಅವಸರ ಅವುಗಳಿಗೆ, ಗೋಳು ನಮಗೆ. ಯಾಕೆಂದರೆ ಅವುಗಳ ಜೀರ್ ಎನ್ನುವ ದನಿಯೂ ಕೆಟ್ಟ ಬೇರಿಂಗಿನ ದನಿಯೂ ಹೆಚ್ಚುಕಡಿಮೆ ಒಂದೇ. ಕಿಟಕಿ ಮುಚ್ಚಿದರೂ ಬಿಡುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಅವಳ ಹಾಗೆ ಫ್ಯಾನು ಕೇಳುವ ಬೆಂಚಿನವರಿಗೆಲ್ಲ ಒಂದು ಪದ್ಧತಿ ಇದೆ. ಜೀರುಂಡೆ ಕೂಗುವಷ್ಟು ಹೊತ್ತು ಕೈ ಕಟ್ಟಿ ಕೂರಬೇಕು. ಅವು ಒಮ್ಮೆಲೇ ಸುಮ್ಮನಾದಾಗ ಗಡಿಬಿಡಿಯಲ್ಲಿ ಆದಷ್ಟು ಫ್ಯಾನು ಕೇಳಿ ಮುಗಿಸಬೇಕು. ಮತ್ತೆ ಶುರುವಾದರೆ ಮತ್ತೆ ಕೈ ಕಟ್ಟಬೇಕು. "ನಾನು ಸೂಪರ್‌ವೈಸರ್ರೋ, ಆ ಹುಳ ಸೂಪರ್‌ವೈಸರ್ರೋ" ಎಂದು ನಮ್ಮ ಸೂಪರ್‌ವೈಸರ್ ಗೊಣಗುತ್ತಿದ್ದ.

ಈ ವರ್ಷ ಕಿವಿಯಕ್ಕನ ಕೆಂಪು ಗೆರೆಯ ಆಚೆ ಫ್ಯಾನುಗಳೇ ಇರುತ್ತಿರಲಿಲ್ಲ. ಬೇರಿಂಗು ಚೆನ್ನಾಗಿ ಬಂದಿವೆ ಎಂದು ನಾವು ದಡ್ಡರ ಹಾಗೆ ಖುಷಿಪಟ್ಟಿದ್ದೆವು.

ಮೊದಲ ಜೀರುಂಡೆಗಳು ಕೂಗಿದ ಬೆಳಿಗ್ಗೆ ಶೆಡ್ಡಿನ ತಗಡೇ ಅದುರುವಂತಿತ್ತು. ಬೆಂಚಿನವರೆಲ್ಲ ಕೈ ಕಟ್ಟಿದರು. ಕಿವಿಯಕ್ಕ ಮಾತ್ರ ಕಣ್ಣು ಮುಚ್ಚಿಕೊಂಡು ಒಂದಾದ ಮೇಲೊಂದು ಫ್ಯಾನು ಕೇಳುತ್ತಲೇ ಇದ್ದಳು, ಸರಿಯಿದೆ ಎಂದು ತಲೆಯಾಡಿಸಿ ನನ್ನ ಕಡೆ ತಳ್ಳುತ್ತಲೇ ಇದ್ದಳು. ಆ ಗದ್ದಲದಲ್ಲಿ ಕೇಳುವ ತಪ್ಪನ್ನು ಮೊನ್ನೆ ಸೇರಿದವರೂ ಮಾಡುವುದಿಲ್ಲ. ಪಕ್ಕದಲ್ಲಿ ಕೂತಿದ್ದವಳು ಅವಳ ನಾದಿನಿ, ಕಿವಿಯಕ್ಕನಿಂದಲೇ ಕೆಲಸ ಕಲಿತವಳು. ಅವಳು ಅತ್ತಿಗೆಯ ತೋಳು ಮುಟ್ಟಿದಳು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ನಿಂತ. ಬಾಯಿ ಜೋರಾದರೂ ಮನುಷ್ಯ ಕೆಟ್ಟವನಲ್ಲ. "ಅಕ್ಕಾ, ಜೀರುಂಡೆ ನಿಂತಿತ್ತು ಅಂತ ಶುರು ಮಾಡಿದ್ರಿ, ಅಷ್ಟೇ ಅಲ್ವಾ?" ಎಂದು ಅವನೇ ದಾರಿ ಮಾಡಿಕೊಟ್ಟ. ಹೂಂ ಅಂದುಬಿಡೇ ತಾಯಿ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ.

ಕಿವಿಯಕ್ಕ ಬೆಂಚಿನುದ್ದಕ್ಕೂ ಕಟ್ಟಿಕೊಂಡ ಕೈಗಳನ್ನು ನೋಡಿದಳು. ಆಮೇಲೆ ಕಿಟಕಿಯಾಚೆಯ ಮರವನ್ನು.

"ಈಗ ಕೂಗ್ತಾ ಇದ್ಯಾ?"

ನಾದಿನಿ ಹೌದೆಂದು ತಲೆಯಾಡಿಸಿದಳು.

"ಕಾಂಡದ ಮೇಲೆ ಪೊರೆ ನೋಡ್ತಾನೇ ಇದ್ದೆ. ಕೂಗೋದು ಗಂಡು ಮಾತ್ರ ತಾನೆ? ಈ ಸಲ ಬರೀ ಹೆಣ್ಣೇ ಹುಟ್ಟಿರ್ಬೇಕು ಅಂದ್ಕೊಂಡಿದ್ದೆ" ಎಂದಳು. ನಗಬೇಕೆಂದು ಹೊರಟ ಮುಖ ಅರ್ಧದಲ್ಲೇ ಸೋತುಹೋಯಿತು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸುತ್ತಿತ್ತು. ಕೀರಲು ದನಿಯೊಂದೇ ಯಾವಾಗಲೋ ಅವಳನ್ನು ಬಿಟ್ಟುಹೋಗಿತ್ತು.

ಸೂಪರ್‌ವೈಸರ್ ನೆಲ ನೋಡುತ್ತ, "ನಾಳೆ ಮಾತಾಡೋಣ ಬಿಡಿ" ಎಂದ.

"ನಾಳೆಗೆ ಲಾರಿ ಹೋಗಿರುತ್ತೆ" ಎಂದು ಅವಳು ಎದ್ದಳು. ನನ್ನ ಕಡೆ ತಿರುಗಿ, "ನಾನು ಪಾಸ್ ಮಾಡಿದ ಡಬ್ಬ ಎಲ್ಲ ಬಿಚ್ಚು" ಎಂದಳು. ನಾದಿನಿಯ ಭುಜ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

ಜೀರುಂಡೆ ನಿಲ್ಲುವವರೆಗೆ ಕಾದೆವು. ನಿಂತದ್ದು ಅವಳಿಗೆ ನಮ್ಮ ಮುಖ ನೋಡಿ ತಿಳಿಯಿತು. ನಾದಿನಿ ಮೊದಲ ಫ್ಯಾನು ಕೇಳಿದಳು, ಕೆಂಪು ಗೆರೆಯತ್ತ ಕೈ ತೋರಿಸಿದಳು. ಎರಡನೆಯದು ಸರಿಯಿತ್ತು. ಮೂರನೆಯದು ಮತ್ತೆ ಗೆರೆಯತ್ತ. ಕಿವಿಯಕ್ಕ ಯಾರನ್ನೂ ಮುಟ್ಟಗೊಡದೆ ಒಂದೊಂದನ್ನೂ ತಾನೇ ಎತ್ತಿಕೊಂಡು ಹೋಗಿ ಆಚೆ ಇಟ್ಟು ಬರುತ್ತಿದ್ದಳು. ಬರಬರುತ್ತ ನಾದಿನಿಗೆ ತಡೆಯಲಾಗಲಿಲ್ಲ, ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

ಕಿವಿಯಕ್ಕ ಮುಂದಿನ ಫ್ಯಾನನ್ನು ಅವಳೆದುರಿಗೆ ಇಟ್ಟಳು.

"ಅಳಬೇಡ ಕಣೇ. ಅಳ್ತಾ ಇದ್ರೆ ಸರಿಯಾಗಿ ಕೇಳಿಸಲ್ಲ."