ಕಾಡಿನ ಮನೆಗೆ ಬಂದ ಸಾರು

ಮುಂಬಯಿ ಹತ್ತಿರದ ಟಿಟ್ವಾಳಾದ ಆಚೆ ಸರ್ಕಾರಿ ಕಾಡಿನ ನಡುವೆ ನಮ್ಮದೊಂದು ತುಂಡು ಜಮೀನಿದೆ, ಅದರಲ್ಲಿ ಹೊಸ ಮನೆ ಕಟ್ಟಿಸಿದ್ದೆವು. ಅಲ್ಲಿಗೆ ಅರಣ್ಯ ಇಲಾಖೆ ಬಿಟ್ಟಿರುವುದು ಕಾಲುದಾರಿ ಮಾತ್ರ. ಪಕ್ಕದ ಜಮೀನು ಕೊಂಡ ವಿಜಯಪುರದ ಕಡೆಯ ಬಿಲ್ಡರಿಗೆ ಅಲ್ಲಿ ಡಾಂಬರು ರಸ್ತೆ ಬೇಕಿತ್ತು. ಇಬ್ಬರೂ ಸೇರಿ ಇಲಾಖೆಯನ್ನು ಕೇಳೋಣ ಎಂದು ನನ್ನ ಅತ್ತೆಯ ಬೆನ್ನು ಹತ್ತಿದ್ದ. ಅತ್ತೆ, "ಗೃಹಪ್ರವೇಶಕ್ಕೆ ಬನ್ನಿ, ಆಮೇಲೆ ನೋಡುವ" ಎಂದರು.

ನಾವು ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಉಡುಪಿಯವರು. ಅಡುಗೆ ಹೋಟೆಲಿನಲ್ಲೇ ಆಯಿತು. ಟೆಂಪೊ ಕಾಡಿನ ಅಂಚಿನಲ್ಲಿ ನಿಂತಿತು. ಸಾರಿನ ಕೊಪ್ಪರಿಗೆಯ ಕಿವಿಗಳಿಗೆ ಬಿದಿರು ತೂರಿಸಿ ನನ್ನ ಗಂಡ ಮುಂದೆ, ನಾನು ಹಿಂದೆ ಹೆಗಲು ಕೊಟ್ಟೆವು. ಊರಿನ ಸಮಾರಾಧನೆಗಳಲ್ಲಿ ನಮ್ಮವರು ಹೊರುವುದು ಹೀಗೆಯೇ. ಸಾಗುವಾನಿ ಮರಗಳು ನಮಗಾಗಿ ಸರಿಯಬೇಕೇ? ನಾವೇ ಓರೆಯಾಗಿ ನುಸುಳಿದೆವು. ಆ ಹೆಗಲುನೋವನ್ನು ಈಗಲೂ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ.

ಬಿಲ್ಡರ್ ಎರಡನೇ ಸಲ ಸಾರು ಹಾಕಿಸಿಕೊಂಡು ಮಾತು ತೆಗೆದ.

"ಅಮ್ಮಾರ, ರೋಡ್ ಆದ್ರ ನಿಮಗೂ ಛಲೋ ಅಲ್ರೀ?"

ಅತ್ತೆ ಸೌಟು ಹಿಡಿದು ಅವನೆದುರೇ ನಿಂತಿದ್ದರು.

"ಸಾರು ಬಿಸಿ ಉಂಟಾ?"

"ಐತ್ರೀ, ಬಾಯಿ ಸುಡಾಕತ್ತೈತಿ."

"ಮತ್ತೆ ರಸ್ತೆ ಎಂತಕ್ಕೆ?"