ಹೊಟ್ಟೆಗೊಂದು ಮೈಲುತುತ್ತ

ಮೊನ್ನೆ ಪಿತ್ತನಾಳದ ಕಲ್ಲು ತೆಗೆಸಿಕೊಳ್ಳಲು ಆಸ್ಪತ್ರೆಯಲ್ಲಿ ಮಲಗಿದ್ದೆ. ನರ್ಸ್ ಮೇಣದಂತೆ ನುಣುಪಾದ ಬಿಳಿ ಗುಳಿಗೆಯೊಂದನ್ನು ತಂದರು. ನಾನು ಬಾಯಿ ತೆರೆದೆ.

"ಬಾಯಿಗಲ್ಲ ಸಾರ್, ಹಿಂದಿನಿಂದ ಇಡೋದು. ಆ ಕಡೆ ತಿರುಗಿ. ಕೊಳವೆ ಹಾಕಿದ್ಮೇಲೆ ಮೇದೋಜೀರಕ ಊದಿಕೊಳ್ಳಬಾರದು ಅಂತ ಮೊದಲೇ ಇಡ್ತೀವಿ."

'ಮೊದಲೇ' ಎಂಬ ಮಾತಿಗೆ ದೊಡ್ಡಪ್ಪ ನೆನಪಾದರು.

ತೊಂಬತ್ತರ ದಶಕದ ಕೊನೆ. ದೇವನಹಳ್ಳಿ ಹತ್ತಿರ ಅವರದು ದ್ರಾಕ್ಷಿ ತೋಟ. ಮೋಡ ಕಟ್ಟಿದರೆ ಸಾಕು, ಎಲೆಗೆ ರೋಗ ಬರುವ ಮುಂಚೆಯೇ ಮೈಲುತುತ್ತದ ನೀಲಿ ಹರಳು, ಸುಣ್ಣ ಕಲಸಿ ಹೊಡೆಯುತ್ತಿದ್ದರು. ಅವರ ಪಂಚೆ ನೀಲಿ, ಎಮ್ಮೆಯ ಕೊಂಬೂ ನೀಲಿ. ಭಾನುವಾರ ಹೋದರೆ ನನ್ನ ಅಂಗಿಗೂ ಅದೇ ಗತಿ.

ಇದೇ ಕಲ್ಲು ಅವರನ್ನೂ ಬೆಂಗಳೂರಿಗೆ ತಂದಿತ್ತು. ಡಾಕ್ಟರು ಹಳದಿ ಕಣ್ಣು ನೋಡಿದರು. ನೀಲಿ ಉಗುರು ನೋಡಿ ಬೆಚ್ಚಿದರು.

"ಅದು ಕಾಯಿಲೆ ಅಲ್ಲ ಸಾಮಿ, ಮೈಲುತುತ್ತ."

ಡಾಕ್ಟರು ನಕ್ಕರು. ಬಾಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯಬಹುದು, ಆದರೆ ಆಮೇಲೆ ಕೆಲವರಿಗೆ ಮೇದೋಜೀರಕ ಊದಿ ಜೀವಕ್ಕೇ ಕುತ್ತು ಬರುವುದುಂಟು ಎಂದರು.

"ಊದೋಕ್ ಮುಂಚೇನೇ ಒಂದು ಔಷಧಿ ಹೊಡೀರಲ್ಲ. ನಮ್ ದ್ರಾಕ್ಷಿಗೆ ಹೊಡಿಯಲ್ವಾ, ಹಂಗೆ?"

"ಹುಡುಕ್ತಾ ಇದಾರೆ ಯಜಮಾನ್ರೇ. ಗ್ಯಾರಂಟಿ ಅನ್ನೋದು ಇನ್ನೂ ಸಿಕ್ಕಿಲ್ಲ."

"ದ್ರಾಕ್ಷಿಗಿರೋ ಪುಣ್ಯ ನಮಗಿಲ್ಲ ಬಿಡಿ," ಎಂದು ಒಳಗೆ ಹೋದರು.

ಕಲ್ಲು ಬಂತು. ಸಂಜೆಗೆ ನೋವೂ ಬಂತು. ಡಾಕ್ಟರು ಹೇಳಿದ್ದೇ ಆಗಿತ್ತು. ಬಾಯಿಗೆ ತೊಟ್ಟು ನೀರೂ ಇಲ್ಲ, ಬರೀ ಡ್ರಿಪ್. ಉಳಿಯುತ್ತಾರೋ ಇಲ್ಲವೋ ಎಂದು ನಾವು ಕಾಯುತ್ತಿದ್ದಾಗ ಊರಿಂದ ದೊಡ್ಡಮ್ಮ ಸೆರಗಿನಲ್ಲಿ ಒಂದು ಗೊಂಚಲು ಮುಚ್ಚಿಕೊಂಡು ತಂದರು. ದೊಡ್ಡಪ್ಪ ತಿನ್ನಲಿಲ್ಲ; ಮೂಗಿಗೆ ಹಿಡಿದುಕೊಂಡರು.

"ಸಕ್ಕರೆ ಕೂತದೆ ಕಣೇ. ಕುಯ್ಸು."

"ಎದ್ದು ಬಂದು ನೀನೇ ಕುಯ್ಸು," ಎಂದ ದೊಡ್ಡಮ್ಮ ಗೋಡೆ ಕಡೆ ತಿರುಗಿಕೊಂಡರು.

ದೊಡ್ಡಪ್ಪ ನಿಧಾನವಾಗಿ ಎದ್ದರು, ಕುಯ್ಸಿದರು. ಆಮೇಲೆ ನಾನು ಹೋದಾಗಲೆಲ್ಲ ಕ್ಷೇಮ ವಿಚಾರಿಸುವ ಮೊದಲೇ ಒಂದು ಪ್ರಶ್ನೆ: "ಲೇ ಪೇಪರ್‌ನೋನೇ, ಬಂತೇನ್ಲಾ ಹೊಟ್ಟೆ ಮೈಲುತುತ್ತ?"

"ಇಲ್ಲ ದೊಡ್ಡಪ್ಪ."

"ಮತ್ತೇನ್ ಸುದ್ದಿ ಬರೀತೀಯೋ ದಿನಾ?"

ಮಂತ್ರಿಗಳ ಪ್ರವಾಸ ಬರೆಯುತ್ತಿದ್ದವನು ಏನು ಹೇಳಲಿ, ನೀವೇ ಹೇಳಿ. ಕೇಳುತ್ತ ಕೇಳುತ್ತಲೇ ಅವರಿಗೆ ವಯಸ್ಸಾಯಿತು. ಉತ್ತರ ಸಿಗುವ ಮೊದಲೇ ಹೋದರು.

"ಇದು ಗ್ಯಾರಂಟಿನಾ?" ನರ್ಸನ್ನು ಕೇಳಿದೆ.

"ಗ್ಯಾರಂಟಿ ಅಂತಿಲ್ಲ ಸಾರ್. ಅಪಾಯ ಕಮ್ಮಿ ಮಾಡುತ್ತೆ."

ಮೈಲುತುತ್ತವೂ ಅಷ್ಟೇ. ಹೊಡೆದ ವರ್ಷವೂ ಬಳ್ಳಿ ಕೆಟ್ಟದ್ದುಂಟು. ಹೊಡೆಯುವುದನ್ನು ದೊಡ್ಡಪ್ಪ ಬಿಡಲಿಲ್ಲ. ನಾನು ಗೋಡೆ ಕಡೆ ತಿರುಗಿದೆ.

"ಬಂತು ದೊಡ್ಡಪ್ಪ," ಎಂದೆ. "ಆದ್ರೆ ಎಲೆಗೆ ಹೊಡಿಯೋದಲ್ಲ, ಬುಡಕ್ಕೆ ಹಾಕೋದು."